ಗೋಡೆ ಮುಚ್ಚುವ ಮೊದಲು ನೋಡಿಕೊಳ್ಳಿ

(ಮನೆ ಕಟ್ಟುತ್ತಿರುವವರು, ಕಟ್ಟಬೇಕು ಅಂತ ಇರುವವರು ಕೊಡಗಿನ ಸುಂಟಿಕೊಪ್ಪದಲ್ಲಿ ಸೇರಿದ್ದಾಗ ಆಡಿದ ಮಾತುಗಳಿವು. ಕೊನೆಯಲ್ಲಿ ಬಂದ ಪ್ರಶ್ನೆಗಳನ್ನೂ ಸೇರಿಸಿ ಬರೆದಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ನಾನು ವೈರಿಂಗ್ ಕೆಲಸಕ್ಕೆ ಸೇರಿ ಇಪ್ಪತ್ತಾರು ವರ್ಷ ಆಯಿತು. ಮೊದಲು ಹೆಲ್ಪರ್ ಆಗಿದ್ದೆ. ಆಮೇಲೆ ಪರ್ಮಿಟ್ ತೆಗೆದುಕೊಂಡು ವೈರ್‌ಮ್ಯಾನ್ ಆದೆ. ಈಗ ಲೈಸೆನ್ಸ್ ಇರುವ ಗುತ್ತಿಗೆದಾರ. ಮಾದಾಪುರದಿಂದ ನಾಪೋಕ್ಲುವರೆಗೆ ತುಂಬಾ ಮನೆಗಳ ಗೋಡೆಯೊಳಗೆ ಏನಿದೆ ಅಂತ ನನಗೆ ಗೊತ್ತು. ಇವತ್ತು ನಿಮಗೆ ವೈರಿಂಗ್ ಕಲಿಸಲು ಬಂದಿಲ್ಲ. ಆ ಕೆಲಸ ಲೈಸೆನ್ಸ್ ಇರುವವರೇ ಮಾಡಬೇಕು. ಮನೆ ಕಟ್ಟಿಸುವ ನೀವು ಯಾವ ದಿನ ಎಲ್ಲಿ ನಿಂತು ಏನು ನೋಡಬೇಕು, ಅದನ್ನು ಹೇಳುತ್ತೇನೆ.

ನಿಮ್ಮಲ್ಲಿ ಅರ್ಧ ಜನರ ಮನೆ ಇನ್ನೂ ಪಾಯದಲ್ಲಿದೆ. ನಾಲ್ಕೈದು ಜನರದು ಲಿಂಟಲ್‌ವರೆಗೆ ಬಂದಿದೆ. ಇದು ಒಳ್ಳೆಯ ಹೊತ್ತು. ಗಾರೆ ಆದ ಮೇಲೆ ಕರೆದಿದ್ದರೆ ನಾನು ಹೇಳುವುದರಲ್ಲಿ ಮುಕ್ಕಾಲು ಪಾಲು ಯಾರ ಉಪಯೋಗಕ್ಕೂ ಬರುತ್ತಿರಲಿಲ್ಲ.

ಮೊದಲು ಒಂದು ಪ್ರಶ್ನೆ. ನಿಮ್ಮ ಮನೆಯ ವೈರಿಂಗ್ ಸರಿ ಇದೆಯಾ ಅಂತ ಯಾರು ನೋಡುತ್ತಾರೆ? ನಾನು ಎಲ್ಲೇ ಕೇಳಿದರೂ ಬರುವ ಉತ್ತರ ಒಂದೇ. "ಮೀಟರ್ ಹಾಕುವಾಗ ಚೆಸ್ಕಾಂನವರು ಬಂದು ನೋಡ್ತಾರಲ್ಲ." ನಮಗೆ ಕರೆಂಟ್ ಕೊಡುವ ಚೆಸ್ಕಾಂ ಕಂಪನಿಯವರು ಬರುವುದು ನಿಜ. ಆದರೆ ಅವರು ಬರುವ ಹೊತ್ತಿಗೆ ಗೋಡೆಗೆ ಬಣ್ಣ ಬಳಿದಾಗಿರುತ್ತದೆ. ಮೀಟರ್ ಬೋರ್ಡ್, ಮೇನ್ ಸ್ವಿಚ್, ಸೋರಿದ ಕರೆಂಟನ್ನು ನೆಲಕ್ಕೆ ಇಳಿಸುವ ಅರ್ಥ್ ಪೈಪ್, ಇಷ್ಟು ಕಣ್ಣಿಗೆ ಕಾಣುತ್ತದೆ. ತಾರಸಿಯೊಳಗಿನ ಪೈಪ್ ಒಡೆದಿದೆಯಾ, ಬಾತ್‌ರೂಮಿನ ಪಾಯಿಂಟ್‌ಗೆ ಅರ್ಥ್ ವೈರ್ ಹೋಗಿದೆಯಾ ಅಂತ ಯಾವ ಇಂಜಿನಿಯರಿಗೂ ಹೊರಗೆ ನಿಂತು ಗೊತ್ತಾಗುವುದಿಲ್ಲ. ಅದಕ್ಕೇ ಲೈಸೆನ್ಸ್ ಇರುವ ಗುತ್ತಿಗೆದಾರ ಪರೀಕ್ಷೆ ಮಾಡಿ, ಸಹಿ ಹಾಕಿ ವರದಿ ಕೊಡಬೇಕು ಅನ್ನುವ ನಿಯಮ ಇರುವುದು. ಇಲಾಖೆ ನಂಬುವುದು ಆ ಸಹಿಯನ್ನು.

ಆ ಸಹಿ ಕೆಲವು ಕಡೆ ಹೇಗೆ ಬರುತ್ತದೆ ಅಂತ ನೇರವಾಗಿಯೇ ಹೇಳುತ್ತೇನೆ. ಕೆಲಸ ಮಾಡುವವರು ಒಬ್ಬರು, ಸಹಿ ಹಾಕುವವರು ಇನ್ನೊಬ್ಬರು. ಸಹಿ ಹಾಕಿದವರು ಆ ಮನೆಯ ಮೆಟ್ಟಿಲನ್ನೂ ಹತ್ತಿರುವುದಿಲ್ಲ. ಇದು ನನಗೆ ತುಂಬಾ ಸಂಕಟ ಕೊಡುವ ವಿಷಯ. ಕೆಲಸಕ್ಕೆ ಮುಂಗಡ ಕೊಡುವ ದಿನವೇ ಕೇಳಿಬಿಡಿ. "ಅಣ್ಣ, ರಿಪೋರ್ಟ್‌ಗೆ ಸಹಿ ಹಾಕುವವರು ಯಾರು? ಅವರು ಮೆಗ್ಗರ್ ಹಿಡಿದು ಮನೆಗೆ ಬರ್ತಾರಾ?" ಮೆಗ್ಗರ್ ಅಂದರೆ ವೈರಿಂಗ್ ಪರೀಕ್ಷೆ ಮಾಡುವ ಯಂತ್ರ, ಮುಂದೆ ಹೇಳುತ್ತೇನೆ. ಹೀಗೆ ಕೇಳಿದ್ದಕ್ಕೆ ಬೇಜಾರು ಮಾಡಿಕೊಳ್ಳುವಂಥದ್ದು ಏನೂ ಇಲ್ಲ. ಬೇಜಾರಾದರೆ ಬೇರೆಯವರನ್ನು ನೋಡಿ.

ಇನ್ನು ನನ್ನ ಸ್ವಂತ ಮನೆಯ ವಿಷಯ.

ಸುಗ್ಗಿ ಹಬ್ಬ ಪುತ್ತರಿ ಮುಗಿದ ಮೇಲೆ ಕೆಲಸ ಶುರು ಮಾಡಿ, ಮಳೆ ಹಿಡಿಯುವ ಮೊದಲು ಒಕ್ಕಲಾಗಬೇಕು. ನಮ್ಮ ಕಡೆ ಎಲ್ಲರ ಲೆಕ್ಕವೂ ಇದೇ ಅಲ್ವಾ. ನಾನೂ ಹಾಗೇ ಹೊರಟೆ. ಮೋಲ್ಡ್, ಅಂದರೆ ತಾರಸಿಯ ಕಾಂಕ್ರೀಟ್, ಹಾಕುವ ಹಿಂದಿನ ದಿನ ಕಂಬಿಯ ಮೇಲೆ ಪೈಪ್ ಎಳೆದು, ಫ್ಯಾನ್ ಬಾಕ್ಸ್ ಇಟ್ಟು, ಜಾಯಿಂಟ್‌ಗೆ ಸಲ್ಯೂಷನ್ ಅನ್ನುವ ಅಂಟು ಹಚ್ಚಿ, ಎಲ್ಲವನ್ನೂ ನಾನೇ ಕಟ್ಟಿದೆ. ಮರುದಿನ ಬೇರೊಬ್ಬರ ಮನೆಯಲ್ಲಿ ಅರ್ಜೆಂಟ್ ಕೆಲಸ ಬಂತು. ಪೈಪ್ ಹಾಕಿ ಆಗಿದೆಯಲ್ಲ, ಇನ್ನು ಕಾಂಕ್ರೀಟ್ ಮೇಸ್ತ್ರಿಯ ಕೆಲಸ ಅಂತ ಹೋಗಿಬಿಟ್ಟೆ.

ಎರಡು ತಿಂಗಳಾದ ಮೇಲೆ ವೈರ್ ಎಳೆಯಲು ಸ್ಪ್ರಿಂಗ್ ಬಿಟ್ಟೆ. ಹಾಲ್‌ನಿಂದ ಹಿಂದಿನ ಕೋಣೆಗೆ ಹೋಗುವ ಪೈಪ್‌ನಲ್ಲಿ ಆರಡಿ ಹೋಗಿ ನಿಂತಿತು. ಎಷ್ಟು ತಳ್ಳಿದರೂ ಅಷ್ಟೇ. ಹೊರಗೆಳೆದು ನೋಡಿದರೆ ತುದಿಯಲ್ಲಿ ಬೂದಿ ಬಣ್ಣದ ಪುಡಿ. ಸಿಮೆಂಟ್ ಹಾಲು ಒಳಗೆ ಹೋಗಿ ಗಟ್ಟಿಯಾಗಿತ್ತು. ಕಾಂಕ್ರೀಟ್ ಹಾಕುವಾಗ ಯಾರೋ ಪೈಪ್ ಮೇಲೆ ಕಾಲಿಟ್ಟಿರಬೇಕು, ಇಲ್ಲ ವೈಬ್ರೇಟರ್ ತಾಗಿ ಜಾಯಿಂಟ್ ಬಿಟ್ಟಿರಬೇಕು. ನಾನು ಅಲ್ಲಿ ನಿಂತಿದ್ದರೆ ಎರಡು ನಿಮಿಷದಲ್ಲಿ ಸರಿ ಮಾಡುತ್ತಿದ್ದೆ. ಈಗ ನನ್ನ ಮನೆಯ ಹಾಲ್‌ನ ಗೋಡೆಯ ಮೇಲೆ ಬಿಳಿ ಕೇಸಿಂಗ್ ಪಟ್ಟಿಯಲ್ಲಿ ವೈರ್ ಓಡುತ್ತದೆ. ನೋಡಿದವರು ಕೇಳುತ್ತಾರೆ, ನಾನು ಇದೇ ಕಥೆ ಹೇಳುತ್ತೇನೆ.

ಅದಕ್ಕೇ ಹೇಳುವುದು, ಮೋಲ್ಡ್ ದಿನ ನಿಮ್ಮ ಎಲೆಕ್ಟ್ರೀಷಿಯನ್ ಸ್ಥಳದಲ್ಲಿ ಇರಲೇಬೇಕು. ಪೈಪ್ ಕಟ್ಟಿ ಹೋದವರು ಅಂತ ಬಿಡಬೇಡಿ. ಆ ದಿನದ ಕೂಲಿ ಬೇರೆ ಕೊಡುತ್ತೇನೆ ಅಂತ ಮೊದಲೇ ಮಾತಾಡಿಕೊಳ್ಳಿ. ಕಾಂಕ್ರೀಟ್ ಬೀಳುವ ಮೊದಲು ನೀವೇ ಸೆಂಟ್ರಿಂಗ್ ಮೇಲೆ ಹತ್ತಿ. ಪ್ರತಿ ಜಾಯಿಂಟನ್ನು ಕೈಯಲ್ಲಿ ಮೆಲ್ಲಗೆ ಎಳೆದು ನೋಡಿ. ಬಿಟ್ಟುಬಂದರೆ ಸಲ್ಯೂಷನ್ ಹಚ್ಚಿಲ್ಲ ಅಂತ ಅರ್ಥ. ಪೈಪ್ ಮೇಲೆ ಐಎಸ್‌ಐ ಗುರುತು ಇದೆಯಾ ನೋಡಿ. ಬಾಕ್ಸ್‌ಗಳ ಬಾಯಿಗೆ ಕಾಗದವೋ ಥರ್ಮೋಕೋಲೋ ತುಂಬಿದ್ದಾರಾ ನೋಡಿ. ಆಮೇಲೆ ಮೊಬೈಲ್ ತೆಗೆದು ಒಂದೊಂದು ಕೋಣೆಯ ಮೇಲಿನ ಪೈಪ್‌ನ ಫೋಟೋ ಹಿಡಿಯಿರಿ. ಅಳತೆ ಟೇಪ್ ಪಕ್ಕದಲ್ಲೇ ಇಟ್ಟು ಹಿಡಿಯಿರಿ. ಹತ್ತು ವರ್ಷದ ಮೇಲೆ ಸೀಲಿಂಗ್‌ಗೆ ತೂತು ಹೊಡೆಯುವಾಗ ಆ ಫೋಟೋದ ಬೆಲೆ ಗೊತ್ತಾಗುತ್ತದೆ.

ಎರಡನೆಯ ಸಲ ನೋಡಬೇಕಾದದ್ದು ಗಾರೆಯ ಹಿಂದಿನ ದಿನ. ಗೋಡೆ ಕೊರೆದು ಪೈಪ್, ಬಾಕ್ಸ್ ಕೂರಿಸಿ ಆಗಿರುತ್ತದೆ. ಇಲ್ಲೂ ಫೋಟೋ. ಪೈಪ್ ನೆಟ್ಟಗೆ ಮೇಲಿನಿಂದ ಕೆಳಗೆ ಇಳಿದಿರಬೇಕು. ವೈರ್ ಉಳಿಸಲು ಓರೆಯಾಗಿ ಕೊರೆದಿದ್ದರೆ ಒಪ್ಪಬೇಡಿ. ಮುಂದೆ ಫೋಟೋ ಫ್ರೇಮಿಗೆ ಮೊಳೆ ಹೊಡೆಯುವವರಿಗೆ ಓರೆ ಪೈಪ್ ಎಲ್ಲಿದೆ ಅಂತ ಗೊತ್ತಾಗುವುದಿಲ್ಲ. ಮೊಳೆ ಸೀದಾ ವೈರ್‌ಗೆ ಹೋಗುತ್ತದೆ.

ಮೂರನೆಯದು, ವೈರ್ ಎಳೆದ ಮೇಲೆ, ಸ್ವಿಚ್ ಪ್ಲೇಟ್ ಕೂರಿಸುವ ಮೊದಲು. ಪ್ರತಿ ಬಾಕ್ಸ್‌ನೊಳಗೆ ಟಾರ್ಚ್ ಹಿಡಿದು ನೋಡಿ. ತ್ರೀಪಿನ್ ಬರುವ ಕಡೆಯೆಲ್ಲ ಹಸಿರು ವೈರ್ ಇರಬೇಕು. ಹಸಿರು ಕಾಣದಿದ್ದರೆ ಕೇಳಿ. "ಹಸಿರು ಖಾಲಿ ಆಯ್ತು, ಕಪ್ಪನ್ನೇ ಅರ್ಥ್‌ಗೆ ಹಾಕಿದ್ದೀನಿ" ಅನ್ನುವ ಉತ್ತರ ಬಂದರೆ ಕೆಲಸ ನಿಲ್ಲಿಸಿ, ಹಸಿರು ತರಿಸಿ. ಕಪ್ಪು ನ್ಯೂಟ್ರಲ್‌ನ, ಅಂದರೆ ಕರೆಂಟ್ ತಿರುಗಿ ಹೋಗುವ ವೈರ್‌ನ ಬಣ್ಣ. ಐದು ವರ್ಷ ಕಳೆದು ಇನ್ಯಾರೋ ರಿಪೇರಿಗೆ ಬಂದಾಗ ಅದನ್ನು ನ್ಯೂಟ್ರಲ್ ಅಂತಲೇ ತಿಳಿದು ಜೋಡಿಸುತ್ತಾರೆ. ಪೈಪ್‌ನೊಳಗೆ ಜಾಯಿಂಟ್ ಇರಬಾರದು, ಜಾಯಿಂಟ್ ಏನಿದ್ದರೂ ಬಾಕ್ಸ್‌ನಲ್ಲಿ. ವೈರ್ ದಪ್ಪದ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಲೈಟಿಗೆ ಒಂದೂವರೆ, ಪವರ್ ಪ್ಲಗ್‌ಗೆ ಎರಡೂವರೆ, ಗೀಸರ್‌ಗೆ ನಾಲ್ಕು ಸ್ಕ್ವೇರ್ ಎಂಎಂ ಅಂತ ನೆನಪಿಟ್ಟರೆ ಸಾಕು. ಲೈಟಿನ ಒಂದು ಸರ್ಕ್ಯೂಟ್‌ಗೆ ಹತ್ತಕ್ಕಿಂತ ಜಾಸ್ತಿ ಪಾಯಿಂಟ್ ಬೇಡ.

ಈಗ ನಮ್ಮ ಊರಿನ ಮಳೆಯ ಮಾತು. ಬೇರೆ ಜಿಲ್ಲೆಯಲ್ಲಿ ವೈರಿಂಗ್ ಕಲಿತು ಇಲ್ಲಿಗೆ ಬರುವವರಿಗೆ ಇದು ಬೇಗ ಅರ್ಥ ಆಗುವುದಿಲ್ಲ. ನಮ್ಮಲ್ಲಿ ತೋಟ ಇರುವ ಮನೆಯಲ್ಲೆಲ್ಲ ಮಳೆ ಅಳೆಯುವ ಗಾಜು ಇರುತ್ತದೆ. ನಾವು ಮಾತಾಡುವುದೇ ಇಂಚಿನಲ್ಲಿ. ಮಡಿಕೇರಿಯ ಕಡೆ ವರ್ಷಕ್ಕೆ ನೂರು ಇಂಚು ದಾಟುವುದು ದೊಡ್ಡ ವಿಷಯವೇ ಅಲ್ಲ. ಭಾಗಮಂಡಲದ ಕಡೆ ಅದಕ್ಕೂ ಎಷ್ಟೋ ಜಾಸ್ತಿ. ಕುಶಾಲನಗರಕ್ಕೆ ಇಳಿದರೆ ಮಡಿಕೇರಿಗಿಂತ ಎಷ್ಟೋ ಕಡಿಮೆ. ಅಂದಮೇಲೆ ಕುಶಾಲನಗರದಲ್ಲಿ ನಡೆಯುವ ವೈರಿಂಗ್ ಮಕ್ಕಂದೂರಿನಲ್ಲಿ ನಡೆಯುವುದಿಲ್ಲ.

ಒಂದು ಮನೆಯ ಕಥೆ ಹೇಳುತ್ತೇನೆ. ಏಪ್ರಿಲ್‌ನಲ್ಲಿ ಗೃಹಪ್ರವೇಶ ಆಗಿತ್ತು. ಕಕ್ಕಡ ತಿಂಗಳಲ್ಲಿ, ಅಂದರೆ ಜುಲೈ-ಆಗಸ್ಟ್‌ನ ಜೋರು ಮಳೆಯಲ್ಲಿ, ಆ ಮನೆಯ ಅಮ್ಮ ಫೋನ್ ಮಾಡಿದರು. "ಮಗಾ, ಮೇನ್ ನಿಲ್ತಾನೇ ಇಲ್ಲ, ಎತ್ತಿದ ಕೂಡಲೇ ಬೀಳ್ತದೆ." ಹೋದೆ. ಮೇನ್ ತೆಗೆದು, ಬಲ್ಬ್, ಟಿವಿ, ಫ್ರಿಜ್ ಎಲ್ಲ ಬಿಡಿಸಿ, ಮೆಗ್ಗರ್ ಹಾಕಿದೆ. ಮೆಗ್ಗರ್ ಅಂದರೆ 500 ವೋಲ್ಟ್ ಕೊಟ್ಟು ವೈರ್‌ನ ಹೊದಿಕೆ ಎಷ್ಟು ತಡೆಯುತ್ತದೆ ಅಂತ ಅಳೆಯುವ ಯಂತ್ರ. ಕಡಿಮೆ ಅಂದರೂ 1 ಮೆಗಾಓಮ್ ಇರಬೇಕು ಅನ್ನುತ್ತದೆ ನಿಯಮ. ಹೊಸ ಮನೆಯಲ್ಲಿ ನೂರರ ಮೇಲೆ ಬರುವುದು ಸಾಮಾನ್ಯ. ಇಲ್ಲಿ ಬಂದದ್ದು ಸೊನ್ನೆಯ ಹತ್ತಿರ.

ಒಂದೊಂದೇ ಸರ್ಕ್ಯೂಟ್ ಬೇರೆ ಮಾಡಿ ಅಳೆದೆ. ಹಾಲ್ ಚೆನ್ನಾಗಿತ್ತು, ಅಡುಗೆಮನೆ ಚೆನ್ನಾಗಿತ್ತು. ಪಡುವಣ ಕೋಣೆ ಮಾತ್ರ ಸೊನ್ನೆಯ ಹತ್ತಿರ. ಸ್ವಿಚ್ ಪ್ಲೇಟ್ ಬಿಚ್ಚಿದೆ. ಪೈಪ್‌ನ ಬಾಯಲ್ಲಿ ಒಂದು ಹನಿ ನೀರು ತೂಗುತ್ತಿತ್ತು. ನಾನು ನೋಡುತ್ತಿದ್ದ ಹಾಗೆ ಬಿತ್ತು, ಅದರ ಹಿಂದೆಯೇ ಇನ್ನೊಂದು ಬಂತು. ಮೂರೇ ತಿಂಗಳ ಹೊಸ ಸ್ಕ್ರೂಗಳು ಕಂದು ಬಣ್ಣಕ್ಕೆ ತಿರುಗಿದ್ದವು. ಹೊರಗೆ ಹೋಗಿ ನೋಡಿದರೆ, ಗೋಡೆಯ ಮೇಲಿನ ಹೊರ ಲೈಟಿಗೆ ಹಾಕಿದ ಪೈಪ್ ಒಳಕ್ಕೆ ಇಳಿಜಾರಾಗಿತ್ತು. ಪಶ್ಚಿಮದಿಂದ ಗಾಳಿ ಸಮೇತ ಹೊಡೆಯುವ ಮಳೆ ಆ ಲೈಟಿನ ಹಿಂದಿನಿಂದ ಪೈಪ್‌ಗೆ ನುಗ್ಗಿ, ಒಳಗೆ ನಡೆದು ಬಂದು, ಸ್ವಿಚ್ ಬಾಕ್ಸ್‌ಗೆ ಇಳಿಯುತ್ತಿತ್ತು. ಅಂಗೈ ಅಗಲದ ತಪ್ಪು. ಪೈಪ್ ಹೊರಕ್ಕೆ ಇಳಿಜಾರಾಗಿದ್ದರೆ ನೀರು ಒಳಗೆ ಬರುತ್ತಲೇ ಇರಲಿಲ್ಲ.

ಹಾಗಾಗಿ ಪಡುವಣ ಗೋಡೆಯಲ್ಲಿ ಸ್ವಿಚ್ ಬೋರ್ಡ್ ಎಷ್ಟು ಕಡಿಮೆ ಇದ್ದರೆ ಅಷ್ಟು ಒಳ್ಳೆಯದು. ಮೀಟರ್ ಬೋರ್ಡ್ ಆ ಕಡೆ ಬೇಡವೇ ಬೇಡ. ಕಂಬದಿಂದ ಬರುವ ಸರ್ವಿಸ್ ವೈರ್ ಪೈಪ್‌ನೊಳಗೆ ಹೋಗುವ ಕಡೆ ಬಾಯಿ ಕೆಳಮುಖವಾಗಿ ಬಗ್ಗಿರಬೇಕು. ವೈರ್ ಒಂದಿಷ್ಟು ಜೋತು ಬಿದ್ದು, ಆಮೇಲೆ ಮೇಲೆ ಹತ್ತಬೇಕು. ಆಗ ನೀರು ಆ ಜೋತಿನಿಂದಲೇ ತೊಟ್ಟಿಕ್ಕಿ ಹೋಗುತ್ತದೆ.

ಮೆಗ್ಗರ್ ಪರೀಕ್ಷೆಯನ್ನು ಎಲ್ಲರೂ ಏಪ್ರಿಲ್‌ನಲ್ಲಿ, ಗೋಡೆ ಒಣಗಿದ್ದಾಗ ಮಾಡುತ್ತಾರೆ. ಆಗ ಎಲ್ಲ ಮನೆಯೂ ಪಾಸ್. ಕಕ್ಕಡದ ಮಳೆಯಲ್ಲಿ ಇನ್ನೊಂದು ಸಲ ಮಾಡಿಸಿ ಅಂತ ನಾನು ಕೈಮುಗಿದು ಕೇಳುತ್ತೇನೆ. ಅರ್ಥ್‌ನ ಕಥೆ ಇದಕ್ಕೆ ಸರಿಯಾಗಿ ಉಲ್ಟಾ. ಮಳೆಗಾಲದಲ್ಲಿ ನೆಲ ಒದ್ದೆ, ಯಾವ ಅರ್ಥ್ ಪೈಪ್ ಆದರೂ ಚೆನ್ನಾಗಿ ತೋರಿಸುತ್ತದೆ. ಕಾಫಿ ಹೂ ಅರಳಿಸುವ ಹೂಮಳೆಗೆ ಮುಂಚಿನ ಬಿಸಿಲಿನಲ್ಲಿ ಅಳೆಯಬೇಕು. ಆಗ ನಿಜ ಗೊತ್ತಾಗುತ್ತದೆ.

ಅರ್ಥ್‌ನ ಓಮ್ ಕಡಿಮೆ ಇದ್ದಷ್ಟು ಒಳ್ಳೆಯದು. ನನ್ನ ಮನೆಯದ್ದೇ ಲೆಕ್ಕ ಕೊಡುತ್ತೇನೆ. ಗುಡ್ಡದ ಬರೆ ಕಡಿದು ಸಮ ಮಾಡಿದ ಜಾಗ, ಕೆಳಗೆ ಗೊಚ್ಚು ಮಣ್ಣು. ಎರಡೂವರೆ ಮೀಟರ್ ಜಿಐ ಪೈಪ್ ಇಳಿಸಿ, ಇದ್ದಿಲು ಉಪ್ಪು ತುಂಬಿದ್ದೆ. ಜುಲೈಯಲ್ಲಿ 4 ಓಮ್. ಮಾರ್ಚ್‌ನಲ್ಲಿ 17 ಓಮ್. ಈಗ ಗೀಸರ್‌ನೊಳಗೆ ಕಾಯಿಲ್ ಒಡೆದು ಅದರ ಮೈಗೆ ಕರೆಂಟ್ ಬಂತು ಅಂತ ಇಟ್ಟುಕೊಳ್ಳಿ. 230 ವೋಲ್ಟನ್ನು 17ರಿಂದ ಭಾಗಿಸಿ. ಸುಮಾರು ಹದಿಮೂರೂವರೆ ಆಂಪ್ಸ್. ಟ್ರಾನ್ಸ್‌ಫಾರ್ಮರ್ ಕಡೆಯ ಅರ್ಥ್‌ನ್ನೂ ಸೇರಿಸಿದರೆ ಇನ್ನೂ ಕಡಿಮೆ. ಗೀಸರ್‌ಗೆ ಹಾಕಿರುವ ಎಂಸಿಬಿ, ಅಂದರೆ ಕರೆಂಟ್ ಮಿತಿ ಮೀರಿದರೆ ತಾನೇ ಬೀಳುವ ಸ್ವಿಚ್, 16 ಆಂಪ್ಸ್‌ನದು. ಹದಿಮೂರೂವರೆಗೆ ಅದು ಯಾಕೆ ಬೀಳುತ್ತದೆ? ಅದರ ಪಾಲಿಗೆ ಎಲ್ಲ ಸರಿಯಾಗಿಯೇ ಇದೆ. ಎಂಸಿಬಿ ಬೀಳುವುದಿಲ್ಲ, ಗೀಸರ್‌ನ ಮೈಯಲ್ಲಿ, ನಲ್ಲಿಯಲ್ಲಿ ಕರೆಂಟ್ ನಿಂತಿರುತ್ತದೆ. ಒದ್ದೆ ಮೈಯ ಮಗು ನಲ್ಲಿಗೆ ಕೈ ಹಾಕುತ್ತದೆ. 50 ಮಿಲಿಆಂಪ್ಸ್ ಒಂದೆರಡು ಸೆಕೆಂಡ್ ಎದೆಯ ಮೂಲಕ ಹರಿದರೆ ಹೃದಯದ ಬಡಿತ ಕೆಡಲು ಅಷ್ಟೇ ಸಾಕು.

ಇದನ್ನು ತಡೆಯುವುದು ಆರ್‌ಸಿಸಿಬಿ. ಅಂಗಡಿಯಲ್ಲಿ ಇಎಲ್‌ಸಿಬಿ ಅಂತಲೂ ಕೇಳುತ್ತಾರೆ. ಹೋದ ಕರೆಂಟ್, ತಿರುಗಿ ಬಂದ ಕರೆಂಟ್ ಎರಡನ್ನೂ ತೂಗಿ ನೋಡುವುದು ಅದರ ಕೆಲಸ. 30 ಮಿಲಿಆಂಪ್ಸ್ ವ್ಯತ್ಯಾಸ ಬಂದರೆ ಸೆಕೆಂಡಿನ ಮೂರನೇ ಒಂದು ಭಾಗದೊಳಗೆ ಕಡಿದು ಹಾಕುತ್ತದೆ. ನನ್ನ ಮಾರ್ಚ್ ತಿಂಗಳ 17 ಓಮ್ ಅದಕ್ಕೆ ಲೆಕ್ಕಕ್ಕೇ ಇಲ್ಲ. ಅಂಗಡಿಯಲ್ಲಿ 100, 300 ಮಿಲಿಆಂಪ್ಸ್‌ನದೂ ಸಿಗುತ್ತವೆ. ಮನುಷ್ಯರ ಜೀವಕ್ಕೆ ಬೇಕಾದದ್ದು 30. ಪೆಟ್ಟಿಗೆಯ ಮೇಲೆ ಬರೆದಿರುತ್ತದೆ, ಓದಿ ತೆಗೆದುಕೊಳ್ಳಿ. ಮನೆಗೆಲ್ಲ ಒಂದೇ ಹಾಕದೆ, ಬಾತ್‌ರೂಮು ಮತ್ತು ಹೊರಗಿನ ಪಾಯಿಂಟ್‌ಗಳಿಗೆ ಒಂದು, ಉಳಿದದ್ದಕ್ಕೆ ಒಂದು ಹಾಕಿಸಿದರೆ ರಾತ್ರಿ ಹೊರಗಿನ ಲೈಟಿಗೆ ನೀರು ಹೋದರೂ ಒಳಗೆ ಕತ್ತಲಾಗುವುದಿಲ್ಲ. ಅದರಲ್ಲಿ "ಟಿ" ಅಂತ ಒಂದು ಬಟನ್ ಇದೆ. ತಿಂಗಳಿಗೊಂದು ಸಲ ಒತ್ತಿ. ಬೀಳಬೇಕು. ಬೀಳದಿದ್ದರೆ ಅದು ಸುಮ್ನೆ ಪೆಟ್ಟಿಗೆಯಲ್ಲಿ ಕೂತಿದೆ ಅಂತ ಅರ್ಥ, ಬದಲಾಯಿಸಿ.

ಜನರೇಟರ್ ಬಗ್ಗೆ ಹೇಳದೆ ಹೋದರೆ ನನಗೆ ನಿದ್ದೆ ಬರುವುದಿಲ್ಲ.

2018ರ ಆಗಸ್ಟ್‌ನಲ್ಲಿ ಗುಡ್ಡ ಜರಿದಾಗ ಎಷ್ಟು ದಿನ ಕತ್ತಲಲ್ಲಿದ್ದೆವು ಅಂತ ನಿಮಗೆಲ್ಲ ನೆನಪಿದೆ. ಅಂಥ ವರ್ಷ ಇಲ್ಲದಿದ್ದರೂ, ಮಳೆಗಾಲದಲ್ಲಿ ಮರ ಬಿದ್ದು ಮೂರು ನಾಲ್ಕು ದಿನ ಕರೆಂಟ್ ಇಲ್ಲದಿರುವುದು ನಮಗೆ ಹೊಸದಲ್ಲ. ಆಗ ಕೆಲವರು ಚಿಕ್ಕ ಜನರೇಟರ್ ತಂದು, ಎರಡೂ ತುದಿಗೆ ಪಿನ್ ಇರುವ ವೈರ್ ಮಾಡಿಕೊಂಡು, ಗೋಡೆಯ ಪ್ಲಗ್‌ಗೆ ಚುಚ್ಚುತ್ತಾರೆ. ಇಡೀ ಮನೆಗೆ ಬೆಳಕು ಬರುತ್ತದೆ. ಮೇನ್ ಆಫ್ ಮಾಡಲು ಮರೆತರೆ ಅದೇ ಕರೆಂಟ್ ಮೀಟರ್ ದಾಟಿ ಲೈನ್‌ಗೆ ಹೋಗುತ್ತದೆ. ಟ್ರಾನ್ಸ್‌ಫಾರ್ಮರ್ ಎರಡೂ ಕಡೆ ಕೆಲಸ ಮಾಡುತ್ತದೆ. 11,000 ವೋಲ್ಟನ್ನು ನಮಗೆ ಬೇಕಾದಷ್ಟಕ್ಕೆ ಇಳಿಸುವ ಅದೇ ಟ್ರಾನ್ಸ್‌ಫಾರ್ಮರ್, ಈ ಕಡೆಯಿಂದ ಕೊಟ್ಟರೆ ಆ ಕಡೆ ಸಾವಿರಾರು ವೋಲ್ಟ್‌ಗೆ ಏರಿಸುತ್ತದೆ. ಅಲ್ಲಿ ಆ ಮಳೆಯಲ್ಲಿ ಕಂಬ ಹತ್ತಿರುವ ಲೈನ್‌ಮ್ಯಾನ್ ಲೈನ್ ಆಫ್ ಇದೆ ಅಂತ ನಂಬಿ ಕೈ ಹಾಕಿರುತ್ತಾನೆ. ನಮ್ಮ ಮನೆಗೆ ಬೆಳಕು ತರಲು ಹೋದ ಹುಡುಗ ಅವನು.

ಇದಕ್ಕೆ ಚೇಂಜ್‌ಓವರ್ ಸ್ವಿಚ್ ಬೇಕು. ಒಂದು ಕಡೆ ಲೈನ್, ಇನ್ನೊಂದು ಕಡೆ ಜನರೇಟರ್, ನಡುವೆ ಆಫ್. ಎರಡೂ ಒಟ್ಟಿಗೆ ಸೇರಲು ಸಾಧ್ಯವೇ ಇಲ್ಲದ ಹಾಗೆ ಅದನ್ನು ಮಾಡಿರುತ್ತಾರೆ. ಕರೆಂಟ್ ಬರುವ ಫೇಸ್ ವೈರ್ ಜೊತೆ ನ್ಯೂಟ್ರಲ್ಲನ್ನೂ ಅದು ಬದಲಾಯಿಸಬೇಕು. ಈಗ ಜನರೇಟರ್ ಇಲ್ಲದಿದ್ದರೂ ಗಾರೆಗೆ ಮೊದಲೇ ಅದರ ಜಾಗ, ಪೈಪ್ ಬಿಟ್ಟುಕೊಳ್ಳಿ. ನಾಳೆ ತಂದೇ ತರುತ್ತೀರಿ. ಜನರೇಟರ್ ಹೊರಗಿರಬೇಕು, ಅದರ ಹೊಗೆ ಮನೆಯೊಳಗೆ ಬರಬಾರದು.

ಇಷ್ಟು ಹೇಳಿ ಮುಗಿಸಿದ ಮೇಲೆ ಪ್ರಶ್ನೆಗಳು ಬಂದವು.

ಶನಿವಾರಸಂತೆ ಕಡೆಯಿಂದ ಬಂದಿದ್ದ ಒಬ್ಬರು, "ಅಣ್ಣ, ನಮ್ಮ ಅಕ್ಕನ ಮನೆಯಲ್ಲಿ ಆರ್‌ಸಿಸಿಬಿ ದಿನಾ ಬೀಳ್ತಿತ್ತು, ಎಲೆಕ್ಟ್ರೀಷಿಯನ್ ತೆಗೆದುಬಿಟ್ಟರು, ಈಗ ಏನೂ ತೊಂದರೆ ಇಲ್ಲ" ಅಂದರು. ತೊಂದರೆ ಹೋಗಿಲ್ಲ, ತೊಂದರೆ ಹೇಳುತ್ತಿದ್ದದ್ದು ಹೋಗಿದೆ. ಅವರ ಮನೆಯಲ್ಲಿ ಇನ್ವರ್ಟರ್ ಇದೆಯಾ ಅಂತ ಕೇಳಿದೆ. ಇದೆ ಅಂದರು. ಹಾಗಾದರೆ ಬಹುಶಃ ಇನ್ವರ್ಟರ್ ಲೈನ್‌ನ ನ್ಯೂಟ್ರಲ್ ಮತ್ತು ಮೇನ್ ನ್ಯೂಟ್ರಲ್ ಯಾವುದೋ ಸ್ವಿಚ್ ಬಾಕ್ಸ್‌ನಲ್ಲಿ ಸೇರಿಕೊಂಡಿವೆ. ಒಂದು ದಾರಿಯಲ್ಲಿ ಹೋದ ಕರೆಂಟ್ ಇನ್ನೊಂದು ದಾರಿಯಲ್ಲಿ ವಾಪಸ್ ಬಂದರೆ ಆರ್‌ಸಿಸಿಬಿಗೆ ಸೋರಿಕೆಯ ಹಾಗೇ ಕಾಣುತ್ತದೆ. ಹೊಸ ಮನೆಯಲ್ಲಿ ಇನ್ವರ್ಟರ್ ಲೈನ್‌ಗೆ ಬೇರೆಯೇ ನ್ಯೂಟ್ರಲ್ ಎಳೆಸಿದರೆ ಈ ರಗಳೆ ಹುಟ್ಟುವುದೇ ಇಲ್ಲ. ಅಕ್ಕನ ಮನೆಯಲ್ಲಿ ಬಾಕ್ಸ್‌ಗಳನ್ನು ಒಂದೊಂದಾಗಿ ಬಿಚ್ಚಿ ಹುಡುಕಬೇಕು. ಒಂದು ದಿನದ ಕೆಲಸ. ಅಲ್ಲಿಯವರೆಗೆ ಗೀಸರ್ ಸ್ವಿಚ್ ಆಫ್ ಮಾಡಿಯೇ ಸ್ನಾನಕ್ಕೆ ಹೋಗಿ ಅಂತ ಅವತ್ತೇ ಫೋನ್ ಮಾಡಿಸಿದೆ.

ಒಬ್ಬರು ಹಿರಿಯರು ಅವರ ಐನ್‌ಮನೆಯ, ಅಂದರೆ ಕುಟುಂಬದ ಹಿರಿಯರ ಕಾಲದ ಮೂಲಮನೆಯ, ಬಗ್ಗೆ ಕೇಳಿದರು. ಮರದ ಪಟ್ಟಿಯ ಮೇಲೆ ಹಳೆಯ ವೈರಿಂಗ್, ಅಟ್ಟದಲ್ಲಿ ಇಲಿ ಕಾಟ. ಮರದ ಮುಚ್ಚಿಗೆ ಮೇಲೆ ಇಲಿ ಕಡಿದ ವೈರ್ ಅಂದರೆ ಬೆಂಕಿಯ ಹತ್ತಿರದ ಮಾತು. ಪೂರ್ತಿ ಬದಲಾಯಿಸಬೇಕು. ಆದರೆ ನೂರಾರು ವರ್ಷದ ಕಂಬ, ತೊಲೆಗೆ ಕೊರೆಯುವ ಯಂತ್ರ ತಾಗಿಸಬೇಡಿ, ಗಟ್ಟಿ ಪೈಪ್‌ನಲ್ಲಿ ಮೇಲ್ಗಡೆಯೇ ಚಂದವಾಗಿ ಎಳೆಸಬಹುದು ಅಂದೆ. ಕೆಲಸ ಆಗುವವರೆಗೆ ಇವತ್ತೇ ಒಂದು ಆರ್‌ಸಿಸಿಬಿ ಹಾಕಿಸಿ, ಆ ಅಟ್ಟದ ಲೈನ್ ಕಡಿದು ಬಿಡಿ ಅಂತಲೂ ಹೇಳಿದೆ.

ಕೊನೆಗೆ ಒಬ್ಬ ತಂಗಿ ಎದ್ದು ನಿಂತಳು. ಗರಗಂದೂರಿನಲ್ಲಿ ಅವಳೂ ಅವಳ ಅಮ್ಮನೂ ಸೇರಿ ಮನೆ ಕಟ್ಟಿಸುತ್ತಿದ್ದಾರೆ. ಬರುವ ಗುರುವಾರ ಮೋಲ್ಡ್. "ಅಣ್ಣ, ಎಲೆಕ್ಟ್ರೀಷಿಯನ್ ಬುಧವಾರ ಪೈಪ್ ಕಟ್ಟಿ ಹೋಗ್ತೀನಿ ಅಂತಿದ್ದಾರೆ. ಗುರುವಾರ ಬರೋಕೆ ಆಗಲ್ವಂತೆ. ನಾವಿಬ್ಬರೇ ಮೇಲೆ ಹತ್ತಿ ನೋಡಿದರೆ ಸಾಕಾ?"

ಕಾಂಕ್ರೀಟ್ ಬೀಳುವ ಮೊದಲಿನ ತಪ್ಪು ನಿಮಗೆ ಕಾಣುತ್ತದೆ, ಬೀಳುವಾಗ ಬಿಟ್ಟ ಜಾಯಿಂಟ್ ಕೂಡಿಸಲು ಕೈ ಪಳಗಿರಬೇಕು ಅಂದೆ. ಎಲೆಕ್ಟ್ರೀಷಿಯನ್ ಬರಲು ಆಗದಿದ್ದರೆ ಮೋಲ್ಡನ್ನೇ ಶುಕ್ರವಾರಕ್ಕೆ ಹಾಕಿ ಅಂದರೆ, ಮಿಕ್ಸರ್, ಆಳು ಎಲ್ಲ ಗೊತ್ತಾಗಿದೆ ಅಂದಳು. ಗುರುವಾರ ಬೆಳಿಗ್ಗೆ ಏಳಕ್ಕೆ ನಾನೇ ಬರುತ್ತೇನೆ ಅಂತ ಹೇಳಿದ್ದೇನೆ. ಸಲ್ಯೂಷನ್ ಡಬ್ಬಿ, ನಾಲ್ಕು ಬೆಂಡ್, ಒಂದಿಷ್ಟು ಬೈಂಡಿಂಗ್ ವೈರ್ ಈಗಲೇ ಚೀಲಕ್ಕೆ ಹಾಕಿ ಇಟ್ಟಿದ್ದೇನೆ.